ಜಾರಿ ಮಾಡುವವಳು

ಟಿಣ್.

ಒಂದೇ ಸಲ. ಸೊಳ್ಳೆ ಕಿವಿಯ ಹತ್ತಿರ ಬಂದು ಹೋದಷ್ಟು ಸಣ್ಣ ಸದ್ದು. ಆದರೂ ಮಹಡಿಯ ಮೇಲೆ ಮಲಗಿದ್ದ ಸೊಸೆಗೆ ಎಚ್ಚರವಾಯಿತು.

ಅದು ಕೆಳಗಿನ ಲಾಂಡ್ರಿಯ ಗಂಟೆ. ಗಿರಾಕಿಗಳು ಬಂದಾಗ ಒತ್ತಲಿ ಎಂದು ಗಲ್ಲಾದ ಮೇಲೆ ಇಟ್ಟಿದ್ದ ಹಿತ್ತಾಳೆಯ ಗಂಟೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅದು ಅಂಗಡಿಯ ಹಿಂದಿನ ಕೋಣೆಗೆ, ಅವಳ ಹಾಸಿಗೆಯ ಪಕ್ಕಕ್ಕೆ ಬಂದಿತ್ತು. ಒಂದು ಸಲ ಒತ್ತಿದರೆ ನೀರು, ಎರಡು ಸಲ ಒತ್ತಿದರೆ ಬೆಡ್‌ಪ್ಯಾನ್, ಮೂರು ಸಲ ಒತ್ತಿದರೆ ಯಾರ ಮೇಲೋ ಸಿಟ್ಟು.

ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಗಂಟೆ ಬಾರಿಸಿದ್ದೇ ಆ ಗೊರಕೆ ಇನ್ನಷ್ಟು ಜೋರಾಯಿತು. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆ ಮಾಡುವವರಂತೆ ನಟಿಸುವವರನ್ನಲ್ಲ. ನಾದಿನಿ ಪುಟ್ಟಿ ಅತ್ತೆಯ ಮಂಚದ ಬುಡದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದಳು, ಆದರೆ ದಿನವಿಡೀ ಇಸ್ತ್ರಿಪೆಟ್ಟಿಗೆ ಎಳೆದವಳ ಕಿವಿಯ ಬಳಿ ಡೋಲು ಬಡಿದರೂ ಕೇಳದು. ನಲವತ್ತೈದು ದಾಟಿದರೂ ಅವಳಿನ್ನೂ ಎಲ್ಲರ ಬಾಯಲ್ಲಿ ಪುಟ್ಟಿ.

ಸೊಸೆ ಇಳಿದು ಹೋದಳು.

"ನೀರು ಬೇಡ," ಅತ್ತೆ ಅಂದಳು. "ಬಾಗಿಲು ಮುಂದೆ ಮಾಡು. ನಾಳೆ ವಕೀಲನ್ನ ಕರೆಸು. ವಿಲ್ ತಿದ್ದಿಸಬೇಕು."

"ಅದನ್ನ ಹೇಳೋಕೆ ಈ ಹೊತ್ತಲ್ಲಿ ಎಬ್ಬಿಸಿದ್ರಾ?"

"ಸಂಜೆ ಹೇಳೋಣ ಅಂದ್ರೆ ನಿನ್ನ ಗಂಡ ಬಾಗಿಲ ಹತ್ತಿರಾನೇ ಓಡಾಡ್ತಿರ್ತಾನೆ."

"ಪಾಲು ಬದಲಾಯಿಸ್ತೀರಾ?"

"ಪಾಲು ಇದ್ದಂಗೇ ಇರಲಿ. ಮಹಡಿ ಅವನಿಗೆ, ಅಂಗಡೀನೂ ಈ ಕೋಣೇನೂ ಪುಟ್ಟಿಗೆ. ಅದನ್ನ ಜಾರಿ ಮಾಡೋನು ಅಂತ ಅವನ ಹೆಸರು ಬರೆಸಿದ್ನಲ್ಲ, ಅದು ತೆಗೀಬೇಕು. ಆ ಜಾಗದಲ್ಲಿ ನಿನ್ನ ಹೆಸರು."

ಸೊಸೆಗೆ ಮೊದಲು ಬಂದದ್ದು ಸಿಟ್ಟು. "ನನ್ನನ್ನ ಕೇಳಿದ್ರಾ ನೀವು?"

"ಈಗ ಕೇಳ್ತಿದೀನಲ್ಲ. ಮೊದಲು ನಾನು ಕೇಳಿಸ್ಕೊಂಡಿದ್ದು ಕೇಳು." ಅತ್ತೆ ಕಿಟಕಿಯ ಕಡೆ ಗದ್ದ ತೋರಿಸಿದಳು. "ಸಾಯಂಕಾಲ ಅಲ್ಲಿ ಹೊರಗೆ ನಿಂತು ಫೋನಲ್ಲಿ ಮಾತಾಡ್ತಿದ್ದ. ಸೊಂಟ ಮುರಿದೋಳಿಗೆ ಕಿವೀನೂ ಹೋಗಿದೆ ಅಂದ್ಕೊಂಡಿದಾನೆ. 'ಕಾಗದದಲ್ಲಿ ಅಂಗಡಿ ತಂಗಿಗೆ ಅಂತಿದ್ರೇನು, ಬಿಟ್ಟುಕೊಡೋಕೆ ಸಹಿ ಹಾಕಬೇಕಾದೋನು ನಾನು ತಾನೇ. ಎರಡು ವರ್ಷ ಎಳೆದಾಡಿಸಿದ್ರೆ ಅವಳೇ ಸುಸ್ತಾಗಿ ಮಾರೋಣ ಅಂತಾಳೆ' ಅಂದ."

ಸೊಸೆಗೆ ನೆನಪಾಯಿತು. ಹೋದ ತಿಂಗಳು ಒಬ್ಬ ದಲ್ಲಾಳಿ ಅಂಗಡಿಯ ಮುಂದೆ ಟೇಪು ಹಿಡಿದು ಅಳೆದಿದ್ದ. ಯಾಕೆ ಅಂದಿದ್ದಕ್ಕೆ ಗಂಡ, ಹೊಸ ಬೋರ್ಡ್ ಹಾಕಿಸೋಕೆ ಅಂದಿದ್ದ. ಬೋರ್ಡ್ ಹಾಕಿಸುವವರು ಬಾಗಿಲಿನಿಂದ ರಸ್ತೆಗೆ ಎಷ್ಟು ದೂರ ಎಂದು ಅಳೆಯುವುದಿಲ್ಲ ಎಂದು ಅವಳಿಗೆ ಆವತ್ತೇ ಅನ್ನಿಸಿತ್ತು. ಕೇಳಿರಲಿಲ್ಲ.

"ಪುಟ್ಟಿ ಹೆಸರೇ ಹಾಕಿಸಿ," ಅಂದಳು.

"ಪುಟ್ಟಿ? ಗಿರಾಕಿ ಹರಿದ ಅಂಗಿ ತಂದು 'ನೀನೇ ಹರಿದಿದ್ದು' ಅಂದ್ರೆ 'ಹೌದೇನೋ' ಅಂತ ಹೊಲಿದು ಕೊಡೋಳು."

"ಹಾಗಾದ್ರೆ ವಕೀಲರದ್ದೇ ಹಾಕಿಸಿ."

"ಅವನ ಕೆಮ್ಮು ಕೇಳಿದೀಯಾ? ನನಗಿಂತ ಮೊದಲು ಗಾಡಿ ಹತ್ತೋನು." ಅತ್ತೆ ದಿಂಬಿನ ಮೇಲೆ ಸ್ವಲ್ಪ ಮೇಲಕ್ಕೆ ಸರಿದಳು. "ನಮ್ಮ ಲಾಂಡ್ರೀಲಿ ನಿಯಮ ಏನು, ಹೇಳು."

"ತಗೊಂಡೋರು ಕೊಡಬಾರದು."

ಆ ಅಂಗಡಿಯಲ್ಲಿ ಬಟ್ಟೆ ತೆಗೆದುಕೊಂಡು ಕಾಲರಿಗೆ ಗುರುತು ಹಾಕುವವರು ಒಬ್ಬರಾದರೆ, ಒಗೆದು ಇಸ್ತ್ರಿಯಾದ ಮೇಲೆ ಗುರುತು ನೋಡಿ ಕೊಡುವವರು ಇನ್ನೊಬ್ಬರು. ಎರಡೂ ಒಬ್ಬರದೇ ಕೈಯಾದರೆ ಒಳ್ಳೆಯ ಅಂಗಿಯ ಬದಲು ಹಳೆಯದೊಂದು ಹೋದೀತು, ಕೇಳುವವರಿರುವುದಿಲ್ಲ. ಮನೆಯಲ್ಲಿ ಯಾರಿಗೆ ಜ್ವರ ಬರಲಿ, ಯಾರಿಗೆ ಪರೀಕ್ಷೆ ಇರಲಿ, ಅತ್ತೆ ಈ ನಿಯಮ ಮುರಿದವಳಲ್ಲ.

"ಪಾಲು ತಗೊಳ್ಳೋನೇ ಪಾಲು ಕೊಡಬಾರದು. ನಾನು ತಪ್ಪು ಮಾಡಿದ್ದು ಅಲ್ಲೇ. ನಿನಗೆ ನನ್ನಿಂದ ಒಂದು ಗುಂಡುಪಿನ್ನೂ ಸಿಗಲ್ಲ. ಅದಕ್ಕೇ ನೀನು. ಮತ್ತೆ, ಇಷ್ಟು ವರ್ಷ ನನ್ನ ಜೊತೆ ಜಗಳ ಆಡಿದೀಯ. ಒಂದು ಸಲಾನಾದ್ರೂ ಸುಳ್ಳು ಹೇಳಿದೀಯಾ?"

"ಸುಳ್ಳು ಹೇಳೋ ಅಷ್ಟು ಪ್ರೀತಿ ನಿಮ್ಮ ಮೇಲೆ ನನಗಿರಲಿಲ್ಲ."

"ಅದೇ ಮತ್ತೆ," ಅತ್ತೆ ನಕ್ಕಳು. ನಕ್ಕಿದ್ದಕ್ಕೆ ಸೊಂಟ ನೋವಾಗಿ ಬೈದಳು.

ವಕೀಲರು ಆ ವಾರದಲ್ಲೇ ಬಂದರು. ಅವರ ಕರಿ ಕೋಟು ಈ ಲಾಂಡ್ರಿಯಲ್ಲೇ ಒಗೆಯುವುದು, ಹಾಗಾಗಿ ಅವರು ಬಂದದ್ದು ಬೀದಿಯಲ್ಲಿ ಯಾರಿಗೂ ವಿಶೇಷ ಅನ್ನಿಸಲಿಲ್ಲ. ಸಾಕ್ಷಿಗೆ ಎದುರಿನ ಔಷಧಿ ಅಂಗಡಿಯವನು ಮತ್ತು ಪಕ್ಕದ ಮನೆಯ ನಿವೃತ್ತ ನರ್ಸಮ್ಮ. ಪುಟ್ಟಿಯನ್ನು ಸೋಪು ತರಲು ಕಳಿಸಿದ್ದಾಯಿತು.

ಸೊಸೆಗೆ ಅಚ್ಚಿನ ಮನೆಯೊಂದರಲ್ಲಿ ಕರಡು ತಿದ್ದುವ ಕೆಲಸ. ಕಾಗದ ಕೈಗೆ ಬಂದರೆ ಓದುವ ಮೊದಲು ತಪ್ಪು ಕಾಣುತ್ತದೆ.

"ಇಲ್ಲೊಂದು ಅಕ್ಷರ ಬಿಟ್ಟಿದೆ. 'ಜಾರಿ ಮಾಡುವರು' ಅಂತಿದೆ. 'ಮಾಡುವವರು' ಆಗಬೇಕು."

ವಕೀಲರು ಕೆಮ್ಮಿ, ಕನ್ನಡಕ ಸರಿ ಮಾಡಿಕೊಂಡರು. "ಒಂದು ವಕಾರಕ್ಕೆ ಆಕಾಶ ಬೀಳುತ್ತೇನಮ್ಮ?"

"'ಮಾಡುವರು' ಅಂದ್ರೆ ಯಾರೋ, ಯಾವಾಗಲೋ ಮಾಡ್ತಾರೆ ಅಂತ. 'ಮಾಡುವವರು' ಅಂದ್ರೆ ಮಾಡಲೇಬೇಕಾದ ಒಬ್ಬ ಮನುಷ್ಯ ಇದಾನೆ ಅಂತ."

"ಕೇಳಿದ್ರಾ ವಕೀಲರೇ?" ಮಂಚದಿಂದ ಅತ್ತೆ ಅಂದಳು. "ಅದಕ್ಕೇ ಇವಳು. ನನ್ನ ಮಗ ಜಾರಿ ಮಾಡೋನಲ್ಲ, ಜಾರಿಕೊಳ್ಳೋನು."

ಔಷಧಿ ಅಂಗಡಿಯವನು ಜೋರಾಗಿ ನಕ್ಕ. ಆ ನಗು ಅವನ ಹೊಟ್ಟೆಯಲ್ಲಿ ಉಳಿಯುವ ನಗುವಲ್ಲ ಎಂದು ಸೊಸೆಗೆ ಆಗಲೇ ಹೆದರಿಕೆಯಾಯಿತು. ವಕಾರ ಸೇರಿಸಿ, ಪಕ್ಕದಲ್ಲಿ ಸಹಿ ಹಾಕಿಸಿ, ಕೆಲಸ ಮುಗಿಯಿತು.

ಹೆದರಿದಂತೆಯೇ ಆಯಿತು. ಗಂಡ ಬಣ್ಣದ ಅಂಗಡಿಯೊಂದರಲ್ಲಿ ಮ್ಯಾನೇಜರು. ಒಂದು ಸಂಜೆ ಅಲ್ಲಿಂದ ಬರುವಾಗ ತಲೆನೋವಿನ ಮಾತ್ರೆಗೆ ಎದುರಿನ ಅಂಗಡಿಗೆ ಹೋದವನು ಮಾತ್ರೆಯ ಜೊತೆಗೆ ಆ ನಗೆಚಾಟಿಕೆಯನ್ನೂ ತಂದ. ಊಟಕ್ಕೆ ಕೂರುವವರೆಗೆ ಬಾಯಿ ಬಿಡಲಿಲ್ಲ.

"ಈ ಮನೇಗೆ ಹೊಸ ಯಜಮಾನಿ ಬಂದಿದಾರಂತೆ," ಅಂದ, ಅನ್ನ ಕಲಸುತ್ತಾ. "ಬೀದಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ."

ಪುಟ್ಟಿ ಆಲೂಗಡ್ಡೆ ಪಲ್ಯದ ಪಾತ್ರೆ ಹಿಡಿದು ನಿಂತೇ ಇದ್ದಳು.

"ಎಷ್ಟು ಬರುತ್ತೆ ನಿನಗೆ?" ಹೆಂಡತಿಯನ್ನು ಕೇಳಿದ.

"ಒಂದು ಕಾಸೂ ಬರಲ್ಲ."

"ಕಾಸು ಬರದಿರೋ ಕೆಲಸ ಯಾರಾದ್ರೂ ಮಾಡ್ತಾರೇನೇ?"

"ನಿಮ್ಮ ತಟ್ಟೆಗೆ ಬಡಿಸಿದ್ನಲ್ಲ ಈಗ, ಅದಕ್ಕೆ ಯಾರು ಸಂಬಳ ಕೊಟ್ರು?"

ಅಜ್ಜಿಯಿಂದ ಎಲ್ಲ ಹೊರಡಿಸಿದ್ದ ಅವರ ಹತ್ತೊಂಬತ್ತರ ಮಗಳು ತಟ್ಟೆಯೊಳಗೇ ಮುಖ ಹಾಕಿ ಅಂದಳು: "ಅಪ್ಪ, ಇನ್ನು ಮೇಲೆ ಫೋನಲ್ಲಿ ಮಾತಾಡೋವಾಗ ಕಿಟಕಿ ಯಾರದ್ದು ಅಂತ ನೋಡ್ಕೊಂಡು ಮಾತಾಡು."

"ನೀನು ಬಾಯಿ ಮುಚ್ಕೊಂಡು ಊಟ ಮಾಡು."

"ಬಾಯಿ ಮುಚ್ಕೊಂಡು ಊಟ ಮಾಡೋದು ಹೇಗಪ್ಪಾ?"

"ಅಣ್ಣ," ಪುಟ್ಟಿ ಅಂದಳು, "ನನಗೆ ಅಂಗಡಿ ಬೇಡ. ನನ್ನಿಂದ ಜಗಳ ಬೇಡ."

ಸೊಸೆಯ ಸಿಟ್ಟೆಲ್ಲ ಥಟ್ಟನೆ ಅವಳ ಕಡೆ ತಿರುಗಿತು. "ಬೇಡ ಅನ್ನೋಕೆ ಮೊದಲು ಎಲ್ಲಿ ಮಲಗ್ತೀಯ ಅಂತ ಯೋಚನೆ ಮಾಡು. ಈ ಕೆಳಗಿನ ಎರಡು ಕೋಣೆ ಹೋದ್ರೆ ನಿನಗೆ ಇರೋದೇನು? ಇಸ್ತ್ರಿಪೆಟ್ಟಿಗೆ ತಲೆ ಮೇಲೆ ಹೊತ್ಕೊಂಡು ಬೀದೀಲಿ ನಿಂತ್ಕೋತೀಯಾ?"

"ನನ್ನ ತಂಗೀನ ನಾನು ಬೀದಿಗೆ ಹಾಕ್ತೀನಾ?" ಗಂಡ ಎದ್ದೇ ಬಿಟ್ಟ. "ನಾವೆಲ್ಲಿದ್ರೆ ಅವಳೂ ಅಲ್ಲೇ ಇರ್ತಾಳೆ."

"ಎಲ್ಲಿ? ಯಾವ ಕೋಣೇಲಿ?"

"ಹಾಲಲ್ಲಿ ಜಾಗ ಇಲ್ವಾ?"

"ಟೀವಿ ಮುಂದೆ ಚಾಪೆ," ಸೊಸೆ ಅಂದಳು. "ಇಷ್ಟು ವರ್ಷ ಈ ಮನೆಯ ಮಹಡಿ ಎದ್ದಿದ್ದು ಅವಳ ಇಸ್ತ್ರಿಯಿಂದ. ಅವಳಿಗೆ ಟೀವಿ ಮುಂದೆ ಚಾಪೆ. ಚೆನ್ನಾಗಿದೆ."

"ಈ ಮನೆಯ ಅನ್ನ ನನಗೆ ಬೇಡ," ಅಂದು ಗಂಡ ಕೈ ತೊಳೆದ.

ಮರುದಿನದಿಂದ ಅವನು ಬರುವಾಗ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದು ಮಲಗುವ ಕೋಣೆಯಲ್ಲಿ ಒಬ್ಬನೇ ಕೂತು ತಿನ್ನತೊಡಗಿದ. ಬ್ರೆಡ್ಡಿನ ಚೂರಿಗೆ ಇರುವೆ ಸಾಲುಗಟ್ಟಿದವು. ಕೋಪ ಅವನದು, ಕಸ ಗುಡಿಸುವುದು ಅವಳದು. ಗುಡಿಸುತ್ತಾ ಅವಳು ಇರುವೆಗಳಿಗೆ ಬೈದಳು, ಅವನಿಗೆ ಕೇಳುವಷ್ಟು ಜೋರಾಗಿ.

ಅದನ್ನಾದರೂ ಸಹಿಸಬಹುದಿತ್ತು. ಅವನು ತಾಯಿಯ ಕೋಣೆಗೆ ಹೋಗುವುದನ್ನು ನಿಲ್ಲಿಸಿದ. ಮೊದಲೆಲ್ಲ ಸಂಜೆ ಬಂದವನೇ ಮಂಚದ ಅಂಚಿನಲ್ಲಿ ಕೂತು ಕೈ ಮುಂದೆ ಚಾಚುತ್ತಿದ್ದ. ಬಣ್ಣ ಬೆರೆಸಿ ತೋರಿಸುವ ಕೆಲಸದಲ್ಲಿ ಉಗುರ ಸಂದಿಯಲ್ಲಿ ದಿನವೂ ಏನಾದರೊಂದು ಬಣ್ಣ ಉಳಿದಿರುತ್ತಿತ್ತು. ಅತ್ತೆ ಟರ್ಪೆಂಟೈನ್ ಅದ್ದಿದ ಬಟ್ಟೆ ಚೂರಿನಿಂದ ಒಂದೊಂದೇ ಬೆರಳು ಒರೆಸುತ್ತಿದ್ದಳು. ಐವತ್ತು ದಾಟಿದ ಮಗ ಶಾಲೆಯಿಂದ ಬಂದ ಹುಡುಗನ ಹಾಗೆ ಸುಮ್ಮನೆ ಕೂತಿರುತ್ತಿದ್ದ. ಆ ಬಟ್ಟೆ ಈಗ ಗಂಟೆಯ ಪಕ್ಕದಲ್ಲಿ ಒಣಗಿ ಗರಿಗರಿಯಾಗಿತ್ತು. ಪುಟ್ಟಿ ಎಸೆಯಲು ಹೋದರೆ ಅತ್ತೆ ಬಿಡಲಿಲ್ಲ.

"ಅವನು ಊಟ ಮಾಡಿದ್ನಾ?" ಎಂದು ರಾತ್ರಿ ಗಂಜಿ ಕುಡಿಸುವಾಗ ಕೇಳುತ್ತಿದ್ದಳು.

"ಇಲ್ಲ. ಬ್ರೆಡ್ಡು ತಿಂದ್ರು."

"ಬರೀ ಬ್ರೆಡ್ಡಾ?"

"ಮೊಟ್ಟೇನೂ ಇತ್ತು."

ಅರ್ಧ ಲೋಟ ಗಂಜಿ ಕಾಲು ಲೋಟವಾಯಿತು. ಸೊಸೆ ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಗಂಡನನ್ನು ಅಡ್ಡಗಟ್ಟಿದಳು.

"ಒಂದು ಸಲ ಒಳಗೆ ಹೋಗಿ ಮುಖ ತೋರಿಸಿ ಬನ್ನಿ. ಹೆತ್ತೋಳು."

"ಹೆಸರು ಹೊಡೆದು ಹಾಕಿದೋಳು."

"ಹೆಸರು ಮಾತ್ರ ತೆಗೆದಿದ್ದು. ಪಾಲು ಮುಟ್ಟಿಲ್ಲ."

"ಪಾಲು ಯಾರಿಗೆ ಬೇಕೇ? ಹಿರಿಯವನು ಅಂತ ಇದ್ದ ಒಂದು ಮಾತನ್ನ, ಔಷಧಿ ಮಾರೋನ ಮುಂದೆ ಕಿತ್ತು ಬಿಸಾಕಿದ್ಲಲ್ಲ. ಜಾರಿಕೊಳ್ಳೋನಂತೆ. ಅವನು ಪ್ರತೀ ಸಲ ನನ್ನ ನೋಡಿದಾಗ ನಗ್ತಾನೆ, ಗೊತ್ತಾ?"

ಅವನ ಕಣ್ಣಲ್ಲಿ ನೀರಿತ್ತು. ಅವಳಿಗೆ ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. "ಹಾಗಾದ್ರೆ ಆ ದಲ್ಲಾಳಿಗೆ ಫೋನ್ ಮಾಡಿ, ಅಂಗಡಿ ಮಾರೋದಿಲ್ಲ ಅಂತ ನನ್ನೆದುರಿಗೇ ಹೇಳಿ. ಹೇಳ್ತೀರಾ?"

ಅವನು ಅವಳನ್ನು ಸರಿಸಿ ಇಳಿದು ಹೋದ. ಹೇಳಲಿಲ್ಲ.

ಹೀಗೆ ವಾರಗಳು ಕಳೆದವು. ಒಂದು ಮಧ್ಯಾಹ್ನ, ಸೊಸೆಗೆ ರಜೆ ಇದ್ದ ದಿನ, ಗಂಟೆ ಮೂರು ಸಲ ಬಾರಿಸಿತು.

"ಬದಲಾಯಿಸಿಬಿಡು," ಅತ್ತೆ ಅಂದಳು. ಮುಖ ಗೋಡೆಯ ಕಡೆ ಇತ್ತು. "ಅವನ ಹೆಸರೇ ಹಾಕಿಸು. ವಕೀಲನಿಗೆ ಹೇಳಿ ಕಳಿಸು."

"ತಲೆ ಸರಿ ಇದೆಯಾ ನಿಮಗೆ?"

"ತಲೆ ಸರಿ ಇದೆ. ಹೊಟ್ಟೆ ಕೇಳ್ತಿಲ್ಲ. ಅವನು ಬ್ರೆಡ್ಡು ತಿನ್ಕೊಂಡು..."

"ಬ್ರೆಡ್ಡು ತಿಂದು ಯಾರೂ ಸತ್ತಿಲ್ಲ. ಪುಟ್ಟಿ ಗತಿ?"

"ಅವಳ ಹಣೇಲಿ ಬರೆದಂಗೆ ಆಗುತ್ತೆ. ನೀನಿದೀಯಲ್ಲ."

"ಹೆಸರಿಲ್ಲದೆ ನಾನು ಯಾರು? ನಾಳೆ ಅವರು ಬೀಗ ಹಾಕಿದ್ರೆ ಯಾವ ಬಾಯಲ್ಲಿ ತೆಗೀರಿ ಅನ್ನಲಿ? ಬೇರೆಯವರ ಹೆಸರು ಹಾಕಿಸಿ ಅಂದ್ರೂ ನನ್ನ ಹೆಸರು ಬರೆಸಿದ್ರಿ. ಗಂಡನ ಜೊತೆ ಮಾತು ನಿಂತುಹೋಯ್ತು. ಬೀದೀಲಿ 'ಅತ್ತೇನ ಬುಟ್ಟಿಗೆ ಹಾಕ್ಕೊಂಡ್ಲು' ಅಂತಿದಾರೆ. ಎಲ್ಲ ನುಂಗ್ಕೊಂಡೆ. ಈಗ ಅವರು ನಾಲ್ಕು ದಿನ ಮುಖ ಊದಿಸ್ಕೊಂಡ್ರು ಅಂತ ನಿಮಗೆ ಕರುಳು ಕಿತ್ತು ಬಂತಾ? ಆ ಕರುಳು ಮಗಳಿಗೆ ಯಾಕೆ ಕಿತ್ತು ಬರಲ್ಲ?"

"ಬೈ," ಅತ್ತೆ ಅಂದಳು, ದನಿ ಇಲ್ಲದ ದನಿಯಲ್ಲಿ. "ಬೈದು ಮುಗಿಸಿ ಕರೆಸು. ನನ್ನ ಮಾತು ಇದು. ಮಾಡೋಳು ನೀನು."

ಗೋಡೆಯಾಚೆ ಪುಟ್ಟಿಯ ಇಸ್ತ್ರಿಪೆಟ್ಟಿಗೆ ಮೇಜಿಗೆ ತಗುಲುವ ಸದ್ದು ಒಂದೇ ಸಮನೆ ಬರುತ್ತಿತ್ತು. ಅವಳಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಕೇಳಿಸಿದ್ದರೂ ಹೌದೇನೋ ಅನ್ನುತ್ತಿದ್ದಳು.

"ಸರಿ. ಹೇಳ್ತೀನಿ," ಅಂದಳು ಸೊಸೆ.

ಸಂಜೆ ಗಲ್ಲಾದ ಹತ್ತಿರ ಅವಳೇ ನಿಂತಿದ್ದಳು. ಆ ವಾರದ ಬಟ್ಟೆ ತೆಗೆದುಕೊಂಡವಳು ಪುಟ್ಟಿ, ಹಾಗಾಗಿ ಕೊಡುವ ಸರದಿ ಸೊಸೆಯದು. ವಕೀಲರು ಕೋಟಿಗೆ ಬಂದರು. ಹೇಳಿ ಕಳಿಸುವ ಅಗತ್ಯವೇ ಇರಲಿಲ್ಲ. ಮನುಷ್ಯ ಎದುರಿಗೇ ನಿಂತಿದ್ದ. ಅವಳು ಒಂದು ಮಾತು ಅಂದರೆ ಸಾಕಿತ್ತು.

ಕೋಟು ಇಳಿಸಿದಳು. ಕಾಲರಿನ ಒಳಗೆ ಗುರುತು ನೋಡಿದಳು. ಮಡಿಸಿದಳು. ಮಡಿಕೆ ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಿಸಿದಳು.

"ಅಮ್ಮ ಹೇಗಿದಾರೆ?" ಕೆಮ್ಮಿನ ನಡುವೆ ವಕೀಲರು ಕೇಳಿದರು. ಅದು ಗೋಡೆ ನಡುಗಿಸುವ ಕೆಮ್ಮು.

"ಹಾಗೇ ಇದಾರೆ."

"ಏನಾದ್ರೂ ಹೇಳಿದ್ರಾ ನನಗೆ?"

"ಕೋಟಿಗೆ ಗುಂಡಿ ಸಡಿಲ ಆಗಿತ್ತು. ಪುಟ್ಟಿ ಹೊಲಿದಿದಾಳೆ," ಅಂದಳು. ಅದು ನಿಜವೇ ಆಗಿತ್ತು.

ಅವರು ಹೋದರು. ಅವಳು ಕೈ ತೊಳೆದು, ಗಂಜಿ ಬಿಸಿ ಮಾಡಿಕೊಂಡು ಒಳಗೆ ಹೋದಳು.

"ವಕೀಲನಿಗೆ ಹೇಳಿದ್ಯಾ?"

"ಅವರು ಊರಲ್ಲಿಲ್ಲವಂತೆ."

ಅತ್ತೆ ಅವಳ ಮುಖವನ್ನೇ ನೋಡಿದಳು. ಕೊಳೆ ಬಟ್ಟೆಯ ಕಲೆ ಯಾವುದರದ್ದು ಎಂದು ನೋಡುತ್ತಿದ್ದ ಹಾಗೆ, ಬೆಳಕಿಗೆ ಹಿಡಿದು ನೋಡಿದ ಹಾಗೆ.

"ಊರಿಗೆ ಹೋದ್ನಾ," ಅಂದಳು ಕೊನೆಗೆ. "ಕೆಮ್ಮನ್ನ ಮಾತ್ರ ಇಲ್ಲೇ ಬಿಟ್ಟು ಹೋಗಿದಾನೆ."

ಸೊಸೆ ಚಮಚ ಮುಂದೆ ಹಿಡಿದಳು. ಅತ್ತೆ ಬಾಯಿ ತೆರೆದಳು. ಆವತ್ತು ಲೋಟದ ಗಂಜಿ ಪೂರ್ತಿ ಕುಡಿದು, ಆ ಕಡೆ ತಿರುಗಿ ಮಲಗಿದಳು. ಅದಾದ ಮೇಲೂ ದಿನ ಇತ್ತು, ದನಿ ಇತ್ತು, ಕೈಗೆಟುಕುವಲ್ಲಿ ಗಂಟೆ ಇತ್ತು. ವಕೀಲರ ಹೆಸರನ್ನು ಅವಳು ಮತ್ತೆ ಎತ್ತಲಿಲ್ಲ. ಎತ್ತಲಿ ಎಂದು ಸೊಸೆ ಕಾದಳು, ಎತ್ತದಿರಲಿ ಎಂದೂ ಕಾದಳು. ಎದೆಯಲ್ಲಿ ಕಫ ಕಟ್ಟಿ, ಒಂದು ಬೆಳಗಿನ ಜಾವ ಅತ್ತೆ ಹೋಗಿಬಿಟ್ಟಳು. ಗಂಟೆ ಬಾರಿಸಲಿಲ್ಲ.

ಒಪ್ಪಿದಳೋ, ಸೋತಳೋ? ಇಷ್ಟು ವರ್ಷ ಜಗಳದಲ್ಲಿ ಕೊನೆಯ ಮಾತು ತನ್ನದೇ ಆಗಬೇಕೆಂದು ಹಟ ಹಿಡಿದವಳು, ಈ ಒಂದು ಜಗಳವನ್ನು ಮುಗಿಸದೆ ಸೊಸೆಯ ತಲೆಗೆ ಕಟ್ಟಿ ಹೋಗಿದ್ದಳು. ಹೆಣದ ಮುಂದೆ ಕೂತಾಗ ಸೊಸೆಗೆ ಅಳುವಿಗಿಂತ ಮೊದಲು ಬಂದದ್ದು ಕೋಪವೇ.

ಬಂದವರೆಲ್ಲ ಹೋದ ಮೇಲೆ ವಕೀಲರು ಅಂಗಡಿಯ ಬೆಂಚಿನ ಮೇಲೆ ಕೂತು ವಿಲ್ಲನ್ನೂ ತಿದ್ದುಪಡಿಯನ್ನೂ ಓದಿದರು. ಮಹಡಿ ಮಗನಿಗೆ. ಅಂಗಡಿ, ಹಿಂದಿನ ಕೋಣೆ ಮಗಳಿಗೆ. ಜಾರಿ ಮಾಡುವವರು, ಸೊಸೆ. ಗಂಡ ತಲೆ ಎತ್ತಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಪುಟ್ಟಿ ಬೀಗದ ಕೈ ಹಿಡಿದುಕೊಂಡು, ಇದನ್ನು ಎಲ್ಲಿ ಇಡುವುದೆಂದು ಗೊತ್ತಾಗದವಳ ಹಾಗೆ ನೋಡಿದಳು.

"ಸೊಂಟಕ್ಕೆ ಸಿಕ್ಕಿಸ್ಕೋ," ಸೊಸೆ ಗದರಿದಳು. "ಯಾರು ಕೇಳಿದ್ರೂ ಕೊಡಬೇಡ. ನಾನು ಕೇಳಿದ್ರೂ."

ಗಂಡ ಮತ್ತೆ ಕೆಲಸಕ್ಕೆ ಹೋದ ದಿನ ಸಂಜೆ, ಬ್ರೆಡ್ಡು ತರದೆ ಬಂದ. ಮಹಡಿಯ ಅಡುಗೆಮನೆಯಲ್ಲಿ ಮೇಜಿನ ಮುಂದೆ ಕೂತ. ಅವಳು ತಟ್ಟೆ ಇಟ್ಟಳು. ಅವನ ಉಗುರುಗಳಲ್ಲಿ ನೀಲಿ ಬಣ್ಣವಿತ್ತು.

"ಕೊನೇಲಿ ಅಮ್ಮ ನನ್ನ ವಿಷಯ ಏನಾದ್ರೂ ಹೇಳಿದ್ಲಾ?"

ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನಿಮ್ಮ ಹೆಸರೇ ಹಾಕಿಸು ಅಂದ್ರು. ಅಷ್ಟು ಅಂದರೆ ಈ ಮನುಷ್ಯ ಇವತ್ತು ನಿದ್ದೆ ಮಾಡುತ್ತಾನೆ. ಅಷ್ಟು ಅಂದರೆ ನಾಳೆ ದಲ್ಲಾಳಿಯ ಟೇಪು ಮತ್ತೆ ಬಾಗಿಲಿಗೆ ಬರುತ್ತದೆ. ಅಮ್ಮನ ಕೊನೆಯ ಮಾತು ಎಂದು ಅಣ್ಣ ಹೇಳಿದರೆ, ಪುಟ್ಟಿ ಸೊಂಟದ ಬೀಗದ ಕೈ ತೆಗೆದು ಮೇಜಿನ ಮೇಲಿಡುತ್ತಾಳೆ.

"ದಿನಾ ಕೇಳ್ತಿದ್ರು. ಊಟ ಮಾಡಿದ್ನಾ ಅಂತ."

"ನೀನೇನಂದೆ?"

"ಬ್ರೆಡ್ಡು ತಿಂದ್ರು ಅಂದೆ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ತಲೆಯಿಟ್ಟ. ಅವನ ಬೆನ್ನು ಅಲುಗುವುದನ್ನು ಅವಳು ನಿಂತು ನೋಡಿದಳು. ಹತ್ತಿರ ಹೋಗಲಿಲ್ಲ. ಕೆಳಗೆ ಹೋಗಿ ಹಿಂದಿನ ಕೋಣೆಯಿಂದ ಆ ಗರಿಗರಿ ಬಟ್ಟೆಯನ್ನು ತಂದು, ಟರ್ಪೆಂಟೈನ್ ಹಾಕಿ ಅವನ ಕೈಯ ಹತ್ತಿರ ಇಟ್ಟಳು.

"ತಗೊಳ್ಳಿ. ಇನ್ನು ಮೇಲೆ ನೀವೇ ಒರೆಸ್ಕೊಳ್ಳಿ. ಒರೆಸ್ಕೊಂಡು ಊಟ ಮಾಡಿ, ಆರಿ ಹೋಗುತ್ತೆ."

ಕೆಳಗೆ ಅಂಗಡಿಯಲ್ಲಿ ಟಿಣ್ ಅಂದಿತು. ಪುಟ್ಟಿ ಗಂಟೆಯನ್ನು ಮತ್ತೆ ಗಲ್ಲಾದ ಮೇಲೆ ಇಟ್ಟಿದ್ದಳು.

"ಅತ್ತಿಗೆ," ಅವಳ ದನಿ ಬಂತು, "ನರ್ಸಮ್ಮ ಬಂದಿದಾರೆ. ನಾನು ತಗೊಂಡಿದ್ದು, ನೀವು ಬಂದು ಕೊಡಿ."

"ಬಂದೆ," ಅಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲು ದಾಟುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಹೇಳುವುದಿಲ್ಲ. ಅಳುತ್ತಿರುವ ಇವನಿಗೂ ಇಲ್ಲ, ಗುಂಡಿ ಹೊಲಿದ ಪುಟ್ಟಿಗೂ ಇಲ್ಲ, ಎಲ್ಲ ಕಂಡುಹಿಡಿಯುವ ಮಗಳಿಗೂ ಇಲ್ಲ. ಗೊತ್ತಿದ್ದವಳು ಅತ್ತೆ ಒಬ್ಬಳೇ, ಅವಳು ಬಾಯಿ ಮುಚ್ಚಿಕೊಂಡು ಹೋಗಿದ್ದಾಳೆ. ತಾನೂ ಮುಚ್ಚಿಕೊಂಡೇ ಇರುತ್ತಾಳೆ.